ಇದು ಸ್ಟೆಮ್ ಸೆಲ್ಲೇ ಅಂತ ಹೇಗೆ ಗೊತ್ತು?

ಹೊರಗಿನಿಂದ ಬಂದ ವಿಜ್ಞಾನಿಯ ಭಾಷಣ ಕೇಳುವಾಗ ಎಲ್ಲವೂ ಸಲೀಸಾಗಿ ಕಾಣುತ್ತದೆ. ಹಲವು ವರ್ಷಗಳ ಕೆಲಸವನ್ನು ಒಂದು ಗಂಟೆಗೆ ಇಳಿಸಿರುತ್ತಾರೆ. ಚೆನ್ನಾಗಿ ಬಂದ ಚಿತ್ರಗಳಷ್ಟೇ ಪರದೆಯ ಮೇಲೆ ಬರುತ್ತವೆ. ಕೈಕೊಟ್ಟ ಪ್ರಯೋಗಗಳ ಸುದ್ದಿಯೇ ಇರುವುದಿಲ್ಲ. ಕೇಳಿದವರು ತಲೆದೂಗಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಹಾಗಾಗಬಾರದು ಅಂತ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಒಂದು ರೂಢಿ ಇದೆ. ಅತಿಥಿ ಬರುವ ಮೊದಲೇ ಅವರ ಒಂದೆರಡು ಪೇಪರ್‌ಗಳನ್ನು (ಸಂಶೋಧನಾ ಲೇಖನಗಳನ್ನು) ಪಿಎಚ್‌ಡಿ ವಿದ್ಯಾರ್ಥಿಗಳು ಓದಿ, ಸೆಮಿನಾರ್‌ನಲ್ಲಿ ಬಿಡಿಸಿ ನೋಡುತ್ತಾರೆ. ಅತಿಥಿ ಬಂದಾಗ ಪ್ರಶ್ನೆಗಳು ಸಿದ್ಧವಾಗಿರುತ್ತವೆ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್, ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನಂಥ ಕಡೆ ಓದಿದವರಿಗೆ ಇದರ ಹತ್ತಿರದ ನೆಂಟ 'ಜರ್ನಲ್ ಕ್ಲಬ್' (ಒಟ್ಟಿಗೆ ಕೂತು ಪೇಪರ್ ಚರ್ಚಿಸುವ ಕೂಟ) ಚೆನ್ನಾಗಿ ಗೊತ್ತು.

ನಡೆಯುವ ಬಗೆ ಸರಳ. ಒಬ್ಬರಿಗೆ ಪೇಪರಿನ ಒಂದನೇ ಚಿತ್ರ, ಇನ್ನೊಬ್ಬರಿಗೆ ಎರಡನೆಯದು ಎಂದು ಹಂಚುತ್ತಾರೆ. ಸಾರಾಂಶವನ್ನು ಯಾರೂ ಒಪ್ಪಿಸಬೇಕಿಲ್ಲ. ಲೇಖಕರು ಏನು ಹೇಳುತ್ತಿದ್ದಾರೆ ಎನ್ನುವುದು ಸಾರಾಂಶದಲ್ಲಿ ಸಿಗುತ್ತದೆ. ಏನು ನೋಡಿದರು ಎನ್ನುವುದು ಚಿತ್ರಗಳಲ್ಲಿ ಸಿಗುತ್ತದೆ. ಇವೆರಡರ ನಡುವೆ ಎಷ್ಟು ಅಂತರ ಇದೆ ಅಂತ ಅಳೆಯುವುದೇ ಅವತ್ತಿನ ಕೆಲಸ. ಬೇರೆ ವಿಷಯಗಳಲ್ಲೂ ಈ ಅಂತರ ಇದ್ದದ್ದೇ. ಆದರೆ ಸ್ಟೆಮ್ ಸೆಲ್ ವಿಷಯದಲ್ಲಿ ಅದು ಸ್ವಲ್ಪ ಜಾಸ್ತಿಯೇ ಕಾಡುತ್ತದೆ. ಕಾರಣ ಈ ಜೀವಕೋಶಗಳ ಸ್ವಭಾವದಲ್ಲೇ ಇದೆ.

ಸ್ಟೆಮ್ ಸೆಲ್ ಎನಿಸಿಕೊಳ್ಳಲು ಒಂದು ಜೀವಕೋಶಕ್ಕೆ ಎರಡು ಸಾಮರ್ಥ್ಯ ಬೇಕು. ತನ್ನಂಥದ್ದೇ ಇನ್ನೊಂದನ್ನು ಹುಟ್ಟಿಸಬೇಕು. ರಕ್ತದ್ದೋ ಚರ್ಮದ್ದೋ ಕರುಳಿನದ್ದೋ, ಒಂದು ಕೆಲಸಕ್ಕೆ ಪಳಗಿದ ಜೀವಕೋಶಗಳನ್ನೂ ಹುಟ್ಟಿಸಬೇಕು. ಎರಡೂ ಅದು ಮುಂದೆ ಏನು ಮಾಡಬಲ್ಲದು ಎನ್ನುವ ಮಾತುಗಳು. ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಇವು ಕಾಣುವುದಿಲ್ಲ. ಒಂದು ಚಮಚ ಮೊಸರು ಹೆಪ್ಪಿಗೆ ಆಗುತ್ತದೋ ಇಲ್ಲವೋ ಅಂತ ಸುಮ್ನೆ ನೋಡಿ ಹೇಳೋಕಾಗಲ್ಲ, ಅಲ್ವಾ? ಹಾಲಿಗೆ ಹಾಕಿ ರಾತ್ರಿಯೆಲ್ಲ ಕಾಯಬೇಕು. ಬೆಳಗ್ಗೆ ಹಾಲು ಮೊಸರಾಗಿರಬೇಕು. ಅದರಲ್ಲಿ ಒಂದು ಚಮಚ ತೆಗೆದಿಟ್ಟರೆ ನಾಳೆಯ ಹಾಲೂ ಹೆಪ್ಪಾಗಬೇಕು. ಸ್ಟೆಮ್ ಸೆಲ್ ಪರೀಕ್ಷೆಯೂ ಇಷ್ಟೇ. ತೊಂದರೆ ಏನೆಂದರೆ, ಪರೀಕ್ಷೆ ಮುಗಿಯುವ ಹೊತ್ತಿಗೆ ನೀವು ಪರೀಕ್ಷೆಗೆ ಇಟ್ಟ ಜೀವಕೋಶ ಒಡೆದು ಒಡೆದು ಬೇರೆಯೇ ಆಗಿರುತ್ತದೆ. ಅದು ಮೊದಲು ಏನಾಗಿತ್ತು ಎಂದು ಅದರ ಸಂತತಿಯನ್ನು ನೋಡಿ ಹೇಳಬೇಕು.

ಹಾಗಾಗಿ ಯಾವ ಪೇಪರ್ ಹಿಡಿದರೂ ಸೆಮಿನಾರ್‌ನಲ್ಲಿ ತಿರುತಿರುಗಿ ಬರುವ ಪ್ರಶ್ನೆ ಒಂದೇ. ಇದು ಸ್ಟೆಮ್ ಸೆಲ್ಲೇ ಅಂತ ಹೇಗೆ ಗೊತ್ತು?

ಈ ಪ್ರಶ್ನೆಗೆ ಮೊದಲು ಗಟ್ಟಿಯಾಗಿ ಉತ್ತರ ಕೊಟ್ಟವರು ಕೆನಡಾದ ಟೊರಾಂಟೊದ ಇಬ್ಬರು. ಜೇಮ್ಸ್ ಟಿಲ್ ಭೌತಶಾಸ್ತ್ರದಿಂದ ಬಂದವರು, ಅರ್ನೆಸ್ಟ್ ಮೆಕಲಕ್ ವೈದ್ಯರು. ಅವರು ಹುಡುಕುತ್ತಿದ್ದದ್ದು ಸ್ಟೆಮ್ ಸೆಲ್ ಅಲ್ಲ. ವಿಕಿರಣ ತಗುಲಿದರೆ ಮೂಳೆ ಮಜ್ಜೆಯ ಜೀವಕೋಶಗಳು ಎಷ್ಟರ ಮಟ್ಟಿಗೆ ಸಾಯುತ್ತವೆ ಎನ್ನುವುದು ಅವರ ಪ್ರಶ್ನೆ. ಇಲಿಗಳಿಗೆ ಪ್ರಾಣ ಹೋಗುವಷ್ಟು ವಿಕಿರಣ ಕೊಟ್ಟು, ಅವು ಬದುಕುವಂತೆ ಬೇರೆ ಇಲಿಯ ಮಜ್ಜೆಯನ್ನು ರಕ್ತಕ್ಕೆ ಚುಚ್ಚುತ್ತಿದ್ದರು. ಸುಮಾರು ಹತ್ತು ದಿನದ ನಂತರ ನೋಡಿದರೆ ಇಲಿಗಳ ಗುಲ್ಮದ (ಸ್ಪ್ಲೀನ್) ಮೇಲೆ ಗಂಟುಗಳು ಎದ್ದಿದ್ದವು. ಒಳಗೆ ರಕ್ತದ ಬೇರೆ ಬೇರೆ ಬಗೆಯ ಜೀವಕೋಶಗಳು.

1961ರ ಅವರ ಪೇಪರಿನ ಜೀವಾಳ ಒಂದು ನೇರ ಗೆರೆ. ಹೆಚ್ಚು ಜೀವಕೋಶ ಚುಚ್ಚಿದಷ್ಟೂ ಹೆಚ್ಚು ಗಂಟು, ಸರಿಯಾಗಿ ಲೆಕ್ಕಕ್ಕೆ ತಕ್ಕಂತೆ. ಸುಮಾರು ಹತ್ತು ಸಾವಿರ ಜೀವಕೋಶಕ್ಕೆ ಒಂದು ಗಂಟು. ಇದನ್ನು ನೋಡಿದರೆ ಒಂದೊಂದು ಗಂಟೂ ಒಂದೊಂದೇ ಜೀವಕೋಶದಿಂದ ಹುಟ್ಟಿದೆ ಅನಿಸುತ್ತದೆ. ಈ ಪೇಪರ್ ಓದಿಸುವ ಮೇಷ್ಟ್ರು ಇಲ್ಲೇ ವಿದ್ಯಾರ್ಥಿಗಳನ್ನು ತಡೆಯಬೇಕು. ನೇರ ಗೆರೆ ಬಂದ ಮಾತ್ರಕ್ಕೆ ಒಂದೇ ಜೀವಕೋಶ ಅಂತ ಆಯಿತಾ? ಮಜ್ಜೆಯಲ್ಲಿ ಐದಾರು ಜೀವಕೋಶ ಅಂಟಿಕೊಂಡ ಉಂಡೆಗಳಿದ್ದು, ಒಂದೊಂದು ಉಂಡೆಯಿಂದ ಒಂದೊಂದು ಗಂಟು ಎದ್ದಿದ್ದರೆ? ಆಗಲೂ ಗೆರೆ ನೇರವಾಗಿಯೇ ಬರುತ್ತದೆ. ಆ ಉಂಡೆಯಲ್ಲಿ ಒಂದು ಬರೀ ಕೆಂಪು ರಕ್ತಕಣ ಹುಟ್ಟಿಸುವಂಥದ್ದು, ಇನ್ನೊಂದು ಬರೀ ಬಿಳಿಯದ್ದು ಇದ್ದರೆ ಸ್ಟೆಮ್ ಸೆಲ್ ಎನ್ನುವ ಮಾತೇ ಬೇಕಾಗಿಲ್ಲ.

ಇದಕ್ಕೆ ಉತ್ತರ 1963ರಲ್ಲಿ ಬಂತು. ಟಿಲ್ ಮತ್ತು ಮೆಕಲಕ್, ಆಂಡ್ರ್ಯೂ ಬೆಕರ್ ಅವರ ಜೊತೆ ಸೇರಿ ಒಂದು ಸೊಗಸಾದ ಉಪಾಯ ಹೂಡಿದರು. ಮಜ್ಜೆಯ ಜೀವಕೋಶಗಳಿಗೂ ಸ್ವಲ್ಪ ವಿಕಿರಣ ತಗುಲಿಸಿದರು. ವಿಕಿರಣ ಕ್ರೋಮೋಸೋಮ್‌ಗಳನ್ನು, ಅಂದರೆ ಜೀವಕೋಶದೊಳಗಿನ ಡಿಎನ್‌ಎ ಎಳೆಗಳನ್ನು, ಮುರಿಯುತ್ತದೆ. ಮುರಿದ ತುಂಡುಗಳು ಎಲ್ಲೆಲ್ಲೋ ಅಂಟಿಕೊಳ್ಳುತ್ತವೆ. ಒಂದು ಜೀವಕೋಶದಲ್ಲಿ ಆದ ಗಾಯ ಇನ್ನೊಂದರಲ್ಲಿ ಹಾಗೇ ಆಗುವ ಸಾಧ್ಯತೆ ತೀರಾ ಕಡಿಮೆ. ಹೀಗೆ ಗುರುತು ಬಿದ್ದ ಗಂಟುಗಳನ್ನು ತೆರೆದು ನೋಡಿದರೆ, ಒಂದು ಗಂಟಿನ ಜೀವಕೋಶಗಳಲ್ಲೆಲ್ಲ ಹೆಚ್ಚು ಕಡಿಮೆ ಅದೇ ಗಾಯ. ಎಂದರೆ ತಾಯಿ ಒಂದೇ. ಅದೇ ವರ್ಷ ಲೂಯಿ ಸಿಮಿನೋವಿಚ್ ಅವರ ಜೊತೆಗಿನ ಪೇಪರಿನಲ್ಲಿ ತನ್ನಂಥದ್ದನ್ನೇ ಹುಟ್ಟಿಸುವ ಸಾಮರ್ಥ್ಯದ ಪರೀಕ್ಷೆಯೂ ಆಯಿತು. ಗಂಟಿನ ಜೀವಕೋಶಗಳನ್ನು ಹೊಸ ಇಲಿಗೆ ಚುಚ್ಚಿದರೆ ಮತ್ತೆ ಗಂಟುಗಳು ಎದ್ದವು.

ಇದಕ್ಕೊಂದು ಬಾಲವೂ ಇದೆ. ಗುಲ್ಮದ ಮೇಲೆ ಗಂಟು ಕಟ್ಟುವ ಜೀವಕೋಶಗಳಲ್ಲಿ ಬಹುಪಾಲು ನಿಜವಾದ ರಕ್ತದ ಸ್ಟೆಮ್ ಸೆಲ್‌ಗಳಲ್ಲ, ಒಂದು ಮೆಟ್ಟಿಲು ಕೆಳಗಿನವು ಎಂದು ಆಮೇಲೆ ಗೊತ್ತಾಯಿತು. ಈಗ ಹತ್ತು ದಿನದ ಗಂಟು ತೋರಿಸಿದರೆ ಯಾರೂ ಒಪ್ಪುವುದಿಲ್ಲ. ಹೊಸ ಇಲಿಯಲ್ಲಿ ಎಲ್ಲ ಬಗೆಯ ರಕ್ತಕಣಗಳನ್ನೂ ತಿಂಗಳುಗಟ್ಟಲೆ ಹುಟ್ಟಿಸಿ, ಅಲ್ಲಿಂದ ಮೂರನೇ ಇಲಿಗೆ ಹಾಕಿದರೂ ಅದನ್ನೇ ಮಾಡಬೇಕು. ಕ್ಷೇತ್ರಕ್ಕೆ ಅಡಿಪಾಯ ಹಾಕಿದ ಪೇಪರ್ ಎಣಿಸಿದ್ದು ಬಹಳ ಮಟ್ಟಿಗೆ ಬೇರೆ ಜೀವಕೋಶಗಳನ್ನು. ಆದರೂ ಅದರ ತರ್ಕ ಗಟ್ಟಿ. ನನ್ನ ಪ್ರಕಾರ ಯಾವ ಸ್ಟೆಮ್ ಸೆಲ್ ಸೆಮಿನಾರೂ ಇಲ್ಲಿಂದಲೇ ಶುರುವಾಗಬೇಕು.

ಆಮೇಲೆ ಯಾರೂ ಬಿಡದ ಪೇಪರ್ ಅಂದರೆ 2006ರದ್ದು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಕಜುತೋಶಿ ತಕಾಹಾಶಿ ಮತ್ತು ಶಿನ್ಯಾ ಯಮನಕ ಬರೆದದ್ದು. ಬೆಳೆದ ಇಲಿಯ ಬಾಲದಿಂದ ತೆಗೆದ ಸಾಮಾನ್ಯ ಜೀವಕೋಶಗಳನ್ನು ಮತ್ತೆ ಭ್ರೂಣದ ಸ್ಟೆಮ್ ಸೆಲ್‌ನಂಥ ಸ್ಥಿತಿಗೆ ತಂದೆವು ಎನ್ನುವುದು ಅವರ ಮಾತು. ಪಳಗಿದ ಜೀವಕೋಶ ಹಿಂದಕ್ಕೆ ಹೋಗಬಲ್ಲದು ಎಂದು 1962ರಲ್ಲೇ ಜಾನ್ ಗರ್ಡನ್ ಕಪ್ಪೆಗಳಲ್ಲಿ ತೋರಿಸಿದ್ದರು. ಆದರೆ ಅವರಿಗೆ ಕಪ್ಪೆಯ ಮೊಟ್ಟೆ ಬೇಕಾಗಿತ್ತು. ಇಲ್ಲಿ ಮೊಟ್ಟೆ ಇಲ್ಲ, ಕೆಲವು ಜೀನ್‌ಗಳಷ್ಟೇ. 2012ರ ನೊಬೆಲ್ ಗರ್ಡನ್ ಮತ್ತು ಯಮನಕ ಇಬ್ಬರಿಗೂ ಸೇರಿ ಬಂತು.

ಈ ಪೇಪರಿನ ಮೊದಲ ಚಿತ್ರದ ಮೇಲೆಯೇ ಅರ್ಧ ಸೆಮಿನಾರ್ ಕಳೆಯಬಹುದು. ಕೆಲಸಕ್ಕೆ ಬರಬಹುದಾದ 24 ಜೀನ್‌ಗಳನ್ನು ಅವರು ಆರಿಸಿಕೊಂಡಿದ್ದರು. ಯಾವ ಜೀನ್ ಜೊತೆ ಯಾವುದು ಸೇರಬೇಕು ಅಂತ ಎಲ್ಲ ಜೋಡಣೆಗಳನ್ನೂ ನೋಡುತ್ತಾ ಕೂತರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಪ್ರಯೋಗ ಬೇಕು. ಅವರು ತಿರುಗಾ ಮುರುಗಾ ಹೋದರು. ಒಂದೊಂದೇ ಹಾಕಿದಾಗ ಏನೂ ಆಗಲಿಲ್ಲ. ಇಪ್ಪತ್ನಾಲ್ಕನ್ನೂ ಒಟ್ಟಿಗೆ ಹಾಕಿದಾಗ ಆಯಿತು. ಆಮೇಲೆ ಒಂದೊಂದನ್ನೇ ಕಳೆಯುತ್ತಾ ಬಂದರು. ಯಾವುದನ್ನು ಬಿಟ್ಟರೆ ಕೆಲಸ ಕೆಡುತ್ತದೋ ಅದು ಬೇಕಾದದ್ದು. ಹೀಗೆ 24 ಹತ್ತಾಯಿತು, ಹತ್ತು ನಾಲ್ಕಾಯಿತು. ಆಕ್ಟ್3/4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್. ಬೇಕೇ ಬೇಕು ಎಂದು ಎಷ್ಟೋ ಜನ ನಂಬಿದ್ದ ನ್ಯಾನಾಗ್ ಎಂಬ ಜೀನ್ ಈ ಪಟ್ಟಿಯಲ್ಲಿ ಉಳಿಯಲೇ ಇಲ್ಲ.

ಬದಲಾದ ಜೀವಕೋಶ ಯಾವುದು ಅಂತ ಹುಡುಕಿದ್ದು ಹೇಗೆ? ಇಲ್ಲಿ ಜಾಣ್ಮೆ ಇದೆ. ಭ್ರೂಣದ ಸ್ಟೆಮ್ ಸೆಲ್‌ಗಳಲ್ಲಿ ಚಾಲೂ ಇರುವ ಎಫ್‌ಬಿಎಕ್ಸ್15 ಎಂಬ ಜೀನ್‌ನ ಜಾಗದಲ್ಲಿ, ಒಂದು ವಿಷದ ಔಷಧಿಯನ್ನು ತಡೆದುಕೊಳ್ಳುವ ಜೀನನ್ನು ಸೇರಿಸಿದ್ದರು. ತಟ್ಟೆಗೆ ಆ ಔಷಧಿ ಸುರಿದರೆ ಸಾಮಾನ್ಯ ಜೀವಕೋಶಗಳೆಲ್ಲ ಸಾಯುತ್ತವೆ. ಎಫ್‌ಬಿಎಕ್ಸ್15 ಚಾಲೂ ಆದವು ಮಾತ್ರ ಬದುಕುತ್ತವೆ. ಸಾವಿರದಲ್ಲಿ ಒಂದೂ ಬದಲಾಗದ ಪ್ರಯೋಗದಲ್ಲಿ ಹೀಗೊಂದು ಜರಡಿ ಇಲ್ಲದಿದ್ದರೆ ಏನೂ ಸಿಗುತ್ತಿರಲಿಲ್ಲ.

ಆದರೆ ಜರಡಿಯಿಂದ ಉಳಿದದ್ದೆಲ್ಲ ಸ್ಟೆಮ್ ಸೆಲ್ ಆಗಬೇಕಿಲ್ಲವಲ್ಲ. ಮುಂದಿನ ಚಿತ್ರಗಳು ಅದನ್ನೇ ಎದುರಿಸುತ್ತವೆ. ಈ ಜೀವಕೋಶಗಳನ್ನು ರೋಗನಿರೋಧಕ ಶಕ್ತಿ ಕುಂದಿದ ಇಲಿಯ ಚರ್ಮದಡಿ ಹಾಕಿದರೆ ಗೆಡ್ಡೆ ಕಟ್ಟಿತು. ಅದರೊಳಗೆ ನರ, ಸ್ನಾಯು, ಮೃದ್ವಸ್ಥಿ ಎಲ್ಲ ಬಗೆಯ ಅಂಗಾಂಶಗಳೂ ಇದ್ದವು. ಎಳೆಯ ಭ್ರೂಣದೊಳಗೆ ಸೇರಿಸಿದರೆ ಆ ಭ್ರೂಣದ ಅಂಗಗಳಲ್ಲಿ ಬೆರೆತು ಬೆಳೆದವು. ಒಳ್ಳೆಯದು. ಹಾಗಾದರೆ ಮರಿ ಹುಟ್ಟಿತಾ? ಇಲ್ಲ. 2006ರ ಪೇಪರಿನಲ್ಲಿ ಅಂಥ ಮರಿ ಜೀವಂತ ಹುಟ್ಟಲಿಲ್ಲ. ಈ ಜೀವಕೋಶಗಳು ಭ್ರೂಣದ ಸ್ಟೆಮ್ ಸೆಲ್‌ಗಳ ಹಾಗೆ, ಆದರೆ ಪೂರ್ತಿ ಅವೇ ಅಲ್ಲ ಎನ್ನುವುದು ಪೇಪರಿನಲ್ಲೇ ಇದೆ. ಚಿತ್ರಗಳನ್ನು ಬಿಟ್ಟು ಸುದ್ದಿ ಮಾತ್ರ ಓದಿದವರಿಗೆ ಇದು ತಪ್ಪಿಹೋಗುತ್ತದೆ.

ಮರುವರ್ಷ ಅದೇ ಗುಂಪು, ಜೊತೆಗೆ ಅಮೆರಿಕದ ಇನ್ನೆರಡು ಗುಂಪುಗಳು ಈ ಕೊರತೆ ತುಂಬಿದವು. ಈ ಸಲ ಜರಡಿಗೆ ಬೇರೆ ಜೀನ್‌ಗಳನ್ನು ಬಳಸಿದರು. ಯಮನಕ ಗುಂಪು ಹಿಡಿದದ್ದು ಅದೇ ನ್ಯಾನಾಗನ್ನು. ಬೆರೆತ ಇಲಿಗಳು ಹುಟ್ಟಿದವು, ಆ ಗುಣ ಅವುಗಳ ಮರಿಗಳಿಗೂ ದಾಟಿತು. ಆದರೆ ಯಮನಕ ಗುಂಪಿನ ಮರಿಗಳಲ್ಲಿ ಸುಮಾರು ಶೇ 20ರಷ್ಟಕ್ಕೆ ಗೆಡ್ಡೆ ಬಂತು. ಒಳಗೆ ಸೇರಿಸಿದ್ದ ಸಿ-ಮಿಕ್ ಮತ್ತೆ ಎಚ್ಚೆತ್ತದ್ದು ಕಾರಣ. ಅದು ಕ್ಯಾನ್ಸರ್‌ಗೆ ನಂಟಿರುವ ಜೀನ್. ನಾಲ್ಕರಲ್ಲಿ ಒಂದು ಇಂಥದ್ದು ಎಂದು ಗೊತ್ತಿದ್ದ ವಿದ್ಯಾರ್ಥಿ ಮೊದಲ ಪೇಪರ್ ಓದುವಾಗಲೇ ಈ ಪ್ರಶ್ನೆ ಎತ್ತಬಹುದಿತ್ತು.

ಇನ್ನೊಂದು ಪ್ರಶ್ನೆ ಸ್ವಲ್ಪ ಮುಜುಗರದ್ದು, ಆದರೂ ಕೇಳಲೇಬೇಕು. ತಟ್ಟೆಯೊಳಗೆ ಎಲ್ಲಿಂದಲೋ ನಿಜವಾದ ಭ್ರೂಣದ ಸ್ಟೆಮ್ ಸೆಲ್ ಬಂದು ಸೇರಿಕೊಂಡಿದ್ದರೆ? ಒಂದೇ ಲ್ಯಾಬಿನಲ್ಲಿ ಎರಡೂ ಇರುತ್ತವೆ. ಒಂದು ಜೀವಕೋಶ ತಪ್ಪಿ ಬಿದ್ದರೂ ಸಾಕು, ಕೆಲವೇ ದಿನದಲ್ಲಿ ತಟ್ಟೆ ತುಂಬಿಕೊಳ್ಳುತ್ತದೆ. ಯಮನಕ ವಿಷಯದಲ್ಲಿ ಇದಕ್ಕೆ ಉತ್ತರ ಇತ್ತು. ವೈರಸ್ ಮೂಲಕ ಹಾಕಿದ ಜೀನ್‌ಗಳ ಪ್ರತಿಗಳು ಆ ಜೀವಕೋಶಗಳ ಡಿಎನ್‌ಎಯಲ್ಲಿ ಕೂತಿದ್ದವು. ಹೊರಗಿನಿಂದ ತಪ್ಪಿ ಬಂದ ಜೀವಕೋಶದಲ್ಲಿ ಅವು ಇರುವುದಿಲ್ಲ.

ಇದೇ ಪ್ರಶ್ನೆಗೆ ಉತ್ತರ ಸಿಗದೆ ಕುಸಿದ ಪೇಪರ್‌ಗಳು 2014ರಲ್ಲಿ ಬಂದವು. ಜಪಾನಿನ ಕೋಬೆಯ ರಿಕೆನ್ ಸಂಸ್ಥೆಯ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡು ಪೇಪರ್ ಪ್ರಕಟಿಸಿದರು. ಎಳೆ ಇಲಿಯ ಗುಲ್ಮದ ಬಿಳಿ ರಕ್ತಕಣಗಳನ್ನು ಸೌಮ್ಯವಾದ ಹುಳಿ ದ್ರಾವಣದಲ್ಲಿ 25 ನಿಮಿಷ ಇಟ್ಟರೆ ಸಾಕು, ಎಲ್ಲ ಬಗೆಯ ಜೀವಕೋಶಗಳೂ ಆಗಬಲ್ಲ ಸ್ಥಿತಿಗೆ ಬರುತ್ತವೆ ಎಂಬ ಮಾತು. ಜೀನ್ ಬೇಡ, ವೈರಸ್ ಬೇಡ. ಅದಕ್ಕೆ ಸ್ಟ್ಯಾಪ್ ಎಂದು ಹೆಸರಿಟ್ಟರು.

ಇಲ್ಲಿ 'ಹೇಗೆ ಗೊತ್ತು' ಎಂದು ಕೇಳಲು ಪ್ರಕೃತಿಯೇ ಒಂದು ದಾರಿ ಇಟ್ಟಿದೆ. ಬಿಳಿ ರಕ್ತಕಣಗಳಲ್ಲಿ ಟಿ ಸೆಲ್ ಎಂಬ ಬಗೆ ಉಂಟು. ಅದು ಬಲಿಯುವಾಗ ತನ್ನ ಡಿಎನ್‌ಎಯ ಒಂದು ಭಾಗವನ್ನು ಕತ್ತರಿಸಿ ಬೇರೆ ರೀತಿ ಜೋಡಿಸಿಕೊಳ್ಳುತ್ತದೆ. ಕತ್ತರಿಸಿ ಎಸೆದ ತುಂಡು ಮತ್ತೆ ಬರುವುದಿಲ್ಲ. ಅಂಥ ಟಿ ಸೆಲ್ ನಿಜವಾಗಿ ಸ್ಟೆಮ್ ಸೆಲ್ ಆಗಿ ಬದಲಾದರೂ ಈ ಗುರುತು ಜೀವನಪೂರ್ತಿ ಉಳಿಯಬೇಕು, ಅದರ ಸಂತತಿಯಲ್ಲೂ ಉಳಿಯಬೇಕು. ಪೇಪರಿನಲ್ಲಿ ಆ ಗುರುತು ತೋರಿಸುವ ಚಿತ್ರ ಇತ್ತು. ಆದರೆ ಆ ಚಿತ್ರವನ್ನು ಬೇರೆ ಬೇರೆ ಕಡೆಯಿಂದ ತಂದು ಜೋಡಿಸಿದ್ದು ಎಂದು ಆಮೇಲೆ ಪತ್ತೆಯಾಯಿತು. ಮಾರ್ಚ್‌ನಲ್ಲಿ ರಿಕೆನ್ ಪ್ರಕಟಿಸಿದ ವಿವರವಾದ ವಿಧಾನದಲ್ಲಿ, ಅವರು ಬೆಳೆಸಿ ಇಟ್ಟುಕೊಂಡಿದ್ದ ಸ್ಟ್ಯಾಪ್ ಸ್ಟೆಮ್ ಸೆಲ್‌ಗಳಲ್ಲಿ ಆ ಗುರುತು ಕಾಣಲಿಲ್ಲ ಎನ್ನುವ ಸಂಗತಿ ಒಂದು ಮೂಲೆಯಲ್ಲಿ ಇತ್ತು. ಗುರುತೇ ಇಲ್ಲದ ಮೇಲೆ ಇವು ಟಿ ಸೆಲ್‌ನಿಂದಲೇ ಬಂದವು ಅನ್ನಲು ಏನು ಆಧಾರ?

ಜುಲೈ 2014ರಲ್ಲಿ ಎರಡೂ ಪೇಪರ್‌ಗಳನ್ನು ಹಿಂತೆಗೆದುಕೊಂಡರು. ಉಳಿದಿದ್ದ ಜೀವಕೋಶಗಳ ಡಿಎನ್‌ಎ ಓದಿದಾಗ ಅವು ಮೊದಲೇ ಲ್ಯಾಬಿನಲ್ಲಿದ್ದ ಭ್ರೂಣದ ಸ್ಟೆಮ್ ಸೆಲ್‌ಗಳು ಎಂದು ಗೊತ್ತಾಯಿತು. ಏಳು ಲ್ಯಾಬ್‌ಗಳು ಸೇರಿ 133 ಸಲ ಪ್ರಯತ್ನಿಸಿ ಸೋತ ವರದಿ 2015ರಲ್ಲಿ ಬಂತು. ಈ ಪ್ರಸಂಗವನ್ನು ಮೋಸದ ಕಥೆಯಾಗಿ ಹೇಳುವವರು ಜಾಸ್ತಿ. ಸೆಮಿನಾರ್‌ಗೆ ಅದಕ್ಕಿಂತ ಉಪಯೋಗದ್ದು ಆ ಒಂದು ಚಿತ್ರ. ಕೇಳಬೇಕಾದ ಪ್ರಶ್ನೆ ಲೇಖಕರಿಗೂ ಗೊತ್ತಿತ್ತು, ಅದಕ್ಕೇ ಆ ಚಿತ್ರ ಪೇಪರಿನಲ್ಲಿತ್ತು.

ಹೃದಯದ ಕಥೆ ಇದಕ್ಕಿಂತ ಉದ್ದ, ಹೆಚ್ಚು ದುಬಾರಿ. 2001ರಲ್ಲಿ ನೇಚರ್‌ನಲ್ಲಿ ಬಂದ ಒಂದು ಪೇಪರ್, ಮಜ್ಜೆಯ ಕೆಲವು ಜೀವಕೋಶಗಳನ್ನು ಹೃದಯಾಘಾತವಾದ ಇಲಿಯ ಹೃದಯಕ್ಕೆ ಚುಚ್ಚಿದರೆ ಹೊಸ ಸ್ನಾಯು ಬೆಳೆಯುತ್ತದೆ ಎಂದಿತು. ಅದರ ಹಿಂದಿದ್ದವರು ಹೃದಯ ಸಂಶೋಧಕ ಪಿಯೆರೊ ಅನ್ವೆರ್ಸಾ. ಆಮೇಲೆ ಹೃದಯದೊಳಗೇ ಸ್ಟೆಮ್ ಸೆಲ್ ಇದೆ, ಅದರ ಮೈಮೇಲೆ ಸಿ-ಕಿಟ್ ಎಂಬ ಮಾರ್ಕರ್ (ಗುರುತಿನ ಪ್ರೋಟೀನ್) ಇದೆ ಎಂದೂ ಅವರ ಗುಂಪು ಹೇಳಿತು. ಪುರಾವೆ ಬಹುಮಟ್ಟಿಗೆ ಹೊಳೆಯುವ ಬಣ್ಣಗಳ ಚಿತ್ರಗಳು. ಆದರೆ ಹೃದಯದ ಸ್ನಾಯು, ಅದರಲ್ಲೂ ಪೆಟ್ಟು ತಿಂದದ್ದು, ಬಣ್ಣ ಹಾಕದೆಯೂ ತಾನಾಗಿ ಸ್ವಲ್ಪ ಹೊಳೆಯುತ್ತದೆ. ಹಾಗಾಗಿ ಬಣ್ಣ ಹಾಕದ ಹೃದಯದ ಚಿತ್ರವನ್ನು ಪಕ್ಕದಲ್ಲಿ ಇಟ್ಟು ನೋಡದೆ ಯಾವ ಹೊಳಪನ್ನೂ ನಂಬುವ ಹಾಗಿಲ್ಲ.

2004ರಲ್ಲಿ ಬೇರೆ ಎರಡು ಗುಂಪುಗಳು ಮಜ್ಜೆಯ ಜೀವಕೋಶಗಳಿಗೆ ಜೀನ್ ಮಟ್ಟದಲ್ಲಿ ಗುರುತು ಹಾಕಿ ನೋಡಿದವು. ಅವು ಹೃದಯದ ಸ್ನಾಯು ಆಗಲಿಲ್ಲ. 2014ರಲ್ಲಿ ಸಿ-ಕಿಟ್ ಜೀವಕೋಶಗಳ ಸಂತತಿಯನ್ನು ಇಲಿಯೊಳಗೇ ಹಿಂಬಾಲಿಸಿದ ಪೇಪರ್ ಬಂತು. ಅವುಗಳಿಂದ ಹೃದಯದ ಸ್ನಾಯು ಹುಟ್ಟುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಕಾಲೇಜು ಮತ್ತು ಅದರ ಜೊತೆಗಿನ ಆಸ್ಪತ್ರೆ ಸೇರಿ ಅನ್ವೆರ್ಸಾ ಲ್ಯಾಬಿನ 31 ಪೇಪರ್‌ಗಳನ್ನು ಹಿಂತೆಗೆಯಬೇಕು ಎಂದವು. ಅಷ್ಟರೊಳಗೆ ಈ ಆಲೋಚನೆಯ ಮೇಲೆ ರೋಗಿಗಳ ಮೇಲಿನ ಪ್ರಯೋಗಗಳೇ ನಡೆದಿದ್ದವು.

ಸಂತತಿಯನ್ನು ಹಿಂಬಾಲಿಸುವುದು ಹೇಗಿರಬೇಕು ಅಂತ ನೋಡಲು 2007ರ ಕರುಳಿನ ಪೇಪರ್ ಒಳ್ಳೆಯದು. ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಗುಂಪಿನದ್ದು. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ಪದರದ ಗುಂಡಿಗಳ ತಳದಲ್ಲಿ ಎಲ್‌ಜಿಆರ್5 ಎಂಬ ಜೀನ್ ಚಾಲೂ ಇರುವ ಜೀವಕೋಶಗಳಿಗೆ ಅಳಿಸಲಾಗದ ನೀಲಿ ಗುರುತು ಹಾಕಿದರು. ಮರುದಿನ ತಳದಲ್ಲಿ ಒಂದು ನೀಲಿ ಚುಕ್ಕೆ. ಕೆಲವು ದಿನದಲ್ಲಿ ತಳದಿಂದ ತುದಿಯವರೆಗೆ ನೀಲಿ ಪಟ್ಟಿ. ಎರಡು ತಿಂಗಳ ಮೇಲೂ ಪಟ್ಟಿ ಹಾಗೇ ಇತ್ತು. ಪದರ ಅಷ್ಟರಲ್ಲಿ ಎಷ್ಟೋ ಸಲ ಉದುರಿ ಹೊಸದಾಗಿತ್ತು. ಇಂಥ ಚಿತ್ರ ನೋಡಿದ ಮೇಲೆ ಯಾರಿಗೂ ಹೆಚ್ಚು ವಾದ ಮಾಡಲು ಉಳಿಯುವುದಿಲ್ಲ.

ಅತಿಥಿ ಬಂದ ದಿನ ಏನಾಗುತ್ತದೆ? ನಮ್ಮ ಕಡೆ ವಿದ್ಯಾರ್ಥಿಗಳಿಗೆ ಹಿಂಜರಿಕೆ ಜಾಸ್ತಿ. ದೊಡ್ಡವರ ಎದುರು ನಿಮ್ಮ ಚಿತ್ರ ಸರಿಯಿಲ್ಲ ಅನ್ನುವುದು ಹೇಗೆ? ಹಾಗೆ ಅನ್ನಬೇಕಾಗಿಯೂ ಇಲ್ಲ. "ಸರ್, ಒಂದೇ ಜೀವಕೋಶದಿಂದ ಶುರು ಮಾಡಿ ನೋಡಿದ್ರಾ?" ಎಂದು ಕೇಳಿದರೆ ಸಾಕು. ನೋಡಿದ್ದರೆ ಪೇಪರಿನಲ್ಲಿ ಇಲ್ಲದ ಒಂದು ಕಥೆ ಹೊರಗೆ ಬರುತ್ತದೆ. "ನೋಡಿದೆವು, ಆಗಲಿಲ್ಲ" ಎಂಬ ಉತ್ತರವಂತೂ ಬಂಗಾರ. ಆಗದ ಪ್ರಯೋಗಗಳು ಸಾಮಾನ್ಯವಾಗಿ ಎಲ್ಲೂ ಪ್ರಕಟವಾಗುವುದಿಲ್ಲ, ಬಾಯಿಂದ ಬಾಯಿಗೆ ಮಾತ್ರ ದಾಟುತ್ತವೆ. ಚಿತ್ರಗಳ ಕೆಳಗಿನ ಸಣ್ಣ ಅಕ್ಷರಗಳ ಬಗ್ಗೆಯೂ ಕೇಳಬಹುದು. ಎಷ್ಟು ಇಲಿ? ನೂರು ಜೀವಕೋಶ ಎಣಿಸಿದ್ದೀರಿ, ಅವು ಒಂದೇ ಇಲಿಯವೋ ಹತ್ತು ಇಲಿಯವೋ? ಎಣಿಸಿದವರಿಗೆ ಯಾವ ತಟ್ಟೆ ಯಾವುದು ಅಂತ ಗೊತ್ತಿತ್ತೋ?

ಇಂಥ ಪ್ರಶ್ನೆಗಳು ಲ್ಯಾಬಿನ ಹೊರಗೂ ಬೇಕಾಗುತ್ತವೆ. 2014ರ ಸೆಪ್ಟೆಂಬರ್ 12ರಂದು ಕೋಬೆಯಲ್ಲೇ, ಕಣ್ಣಿನ ವೈದ್ಯೆ ಮಸಾಯೊ ತಕಾಹಾಶಿ ಅವರ ತಂಡ ಯಮನಕ ವಿಧಾನದ ಜೀವಕೋಶಗಳಿಂದ ಬೆಳೆಸಿದ ಪದರವನ್ನು ಮೊದಲ ಬಾರಿ ಒಬ್ಬ ರೋಗಿಯ ಕಣ್ಣಿನಲ್ಲಿ ಇಟ್ಟಿತು. ಎಪ್ಪತ್ತು ದಾಟಿದ ಮಹಿಳೆ, ವಯಸ್ಸಿನಿಂದ ರೆಟಿನಾ ಕೆಡುವ ಕಾಯಿಲೆ. ಜೀವಕೋಶ ಅವರದೇ ಚರ್ಮದ್ದು. ಎರಡನೇ ರೋಗಿಗಾಗಿ ಬೆಳೆಸಿದ ಜೀವಕೋಶಗಳ ಡಿಎನ್‌ಎಯಲ್ಲಿ ಬದಲಾವಣೆಗಳು ಕಂಡವು. ತಂಡ ಅದನ್ನು ಕಣ್ಣಿಗೆ ಹಾಕಲಿಲ್ಲ. 2017ರಲ್ಲಿ ಬಂದ ಪೇಪರಿನ ಪ್ರಕಾರ, ಒಂದು ವರ್ಷದ ಮೇಲೂ ಮೊದಲ ರೋಗಿಯ ಕಣ್ಣಿನಲ್ಲಿ ಪದರ ಹಾಗೇ ಇತ್ತು. ದೃಷ್ಟಿ ಸುಧಾರಿಸಲಿಲ್ಲ, ಕೆಡಲೂ ಇಲ್ಲ. ಒಬ್ಬರ ಮೇಲಿನ ಪ್ರಯೋಗದಿಂದ ಏನು ಹೇಳಬಹುದೋ ಅಷ್ಟನ್ನೇ ಹೇಳಿದ ಪೇಪರ್ ಅದು.

ಇನ್ನು ನಮ್ಮಲ್ಲಿ ಮಂಡಿ ನೋವಿನಿಂದ ಹಿಡಿದು ಮಕ್ಕಳ ಆಟಿಸಂವರೆಗೆ ಎಲ್ಲಕ್ಕೂ ಸ್ಟೆಮ್ ಸೆಲ್ ಎನ್ನುವ ಜಾಹೀರಾತುಗಳು ಕಾಣುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ, ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳ ಕಸಿಯನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಸಂಶೋಧನೆ ಎಂದು ಅದು ಹೇಳಿತು. ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು ಎಂದಿತು. ರಕ್ತದ ಕಸಿಗೆ ಆ ಮಾನ್ಯತೆ ಸುಮ್ನೆ ಬಂದದ್ದಲ್ಲ. ಯಾವ ಜೀವಕೋಶ ಹಾಕುತ್ತೇವೆ, ಅದು ಒಳಗೆ ಹೋಗಿ ಏನು ಮಾಡುತ್ತದೆ, ಎಷ್ಟು ಕಾಲ ಮಾಡುತ್ತದೆ ಎಂದು ಅಲ್ಲಿ ದಶಕಗಳಿಂದ ಲೆಕ್ಕ ಇಟ್ಟಿದ್ದಾರೆ. ಜಾಹೀರಾತಿನ ಕ್ಲಿನಿಕ್ಕಿಗೆ ಹೋಗುವವರು ಅಲ್ಲಿಯೂ ಈ ಮೂರನ್ನೇ ಕೇಳಬಹುದು. ಉತ್ತರವಾಗಿ ಗುಣವಾದ ರೋಗಿಗಳ ವಿಡಿಯೊ ತೋರಿಸಿದರೆ, ಚಿಕಿತ್ಸೆ ಪಡೆಯದ ಅಂಥದ್ದೇ ರೋಗಿಗಳು ಅದೇ ಅವಧಿಯಲ್ಲಿ ಹೇಗಿದ್ದರು ಎಂಬುದು ಮುಂದಿನ ಪ್ರಶ್ನೆ.